ಹನ್ನೊಂದನೇ ಹಾಸಿಗೆಯ ನಾಡಿ

ಸಂಜೆಯಿಂದ ಸುರಿಯುತ್ತಿದ್ದ ಮಳೆಗೆ ನರ್ಸಿಂಗ್ ಹಾಸ್ಟೆಲ್ಲಿನ ಕರೆಂಟು ಹೋಗಿತ್ತು. ಮರುದಿನದಿಂದ ವಾರ್ಡಿಗೆ ಹೋಗಬೇಕಾಗಿದ್ದ ಮೊದಲ ವರ್ಷದ ಹುಡುಗಿಯರು ಊಟದ ಕೋಣೆಯಲ್ಲಿ ಒಂದೇ ಮೇಣದಬತ್ತಿಯ ಸುತ್ತ ಒತ್ತಿಕೊಂಡು ಕೂತು, ಒಬ್ಬರ ಮಣಿಕಟ್ಟು ಒಬ್ಬರು ಹಿಡಿದು ನಾಡಿ ಎಣಿಸುತ್ತಿದ್ದರು. ಬಾಗಿಲ ಬಳಿ ಕೂತಿದ್ದ ಆಸ್ಪತ್ರೆಯ ಮುದುಕಿ ಆಯಮ್ಮನನ್ನು ಯಾರೋ ಕತೆ ಹೇಳೆಂದು ಕೇಳಿದರು. ಅವಳು ಗಂಟಲು ಸರಿಮಾಡಿಕೊಂಡಳು.

"ನಿಮ್ಮ ಹಾಗೇ ಒಬ್ಬಳು ಹುಡುಗಿ ಇದ್ಲು ಕಣ್ರಮ್ಮಾ... ಕೊನೇ ವರ್ಷ. ಅಪ್ಪ ಇಲ್ಲ, ಅಮ್ಮ ಬಟ್ಟೆ ಹೊಲಿದು ಹೊಲಿದು ಓದಿಸ್ತಿದ್ಲು. ಹುಡುಗಿ ಚುರುಕೇ, ಆದ್ರೆ ಹೊತ್ತೇ ಸಾಲ್ತಿರಲಿಲ್ಲ... ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಪಾಠ, ಆಮೇಲೆ ಬರೆದಷ್ಟೂ ಮುಗೀದ ರೆಕಾರ್ಡು. ಒಂದಿನ ಬೆಳಿಗ್ಗೆ ಮೂವತ್ತು ರೋಗಿಗಳ ಚಾರ್ಟು ತುಂಬ್ತಾ ಬಂದ್ಲು. ಹನ್ನೊಂದನೇ ಹಾಸಿಗೆ ತಾತ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಎಬ್ಬಿಸಿ ಯಾಕೆ ತೊಂದ್ರೆ ಕೊಡೋದು ಅಂತ, ಕೈ ಮುಟ್ಟದೇನೇ 'ನಾಡಿ ಎಪ್ಪತ್ತೆರಡು' ಅಂತ ಗೀಚಿ ಮುಂದಕ್ಕೆ ಹೋದ್ಲು. ಹತ್ತು ನಿಮಿಷಕ್ಕೆ ಡಾಕ್ಟರು ಬಂದು ಹೊದಿಕೆ ಸರಿಸಿದ್ರೆ, ತಾತ ಮರಗಟ್ಟಿ ಹೋಗಿದ್ದ. ಪ್ರಾಣ ಹೋಗಿ ಆಗಲೇ ನಾಲ್ಕು ಗಂಟೆ ಆಗಿತ್ತು! ಸಿಸ್ಟರು ಆ ಹಾಳೆ ಹರಿದು ಬಿಸಾಕಿದ್ರು. ಹುಡುಗಿ ಬಚಾವಾದ್ಲು ಅಂತೀರಾ?

"ಮುಂದಿನ ತಿಂಗಳು ಪ್ರಾಕ್ಟಿಕಲ್ ಪರೀಕ್ಷೆ. ಹಾಡುಹಗಲು, ಪರೀಕ್ಷಕರು ಎದುರಿಗೇ ನಿಂತಿದಾರೆ, ಹಾಸಿಗೆ ಮೇಲೆ ಗಟ್ಟಿಮುಟ್ಟಾದ ಒಬ್ಬ ಡ್ರೈವರು. ಅವನ ಕೈ ಹಿಡಿದ್ರೆ... ಐಸಿನ ಹಾಗೆ ಕೊರೆಯುತ್ತೆ, ನಾಡೀನೇ ಇಲ್ಲ. ತಲೆ ಎತ್ತಿದ್ರೆ ಡ್ರೈವರು ಇರೋ ಜಾಗದಲ್ಲಿ ತಾತ ಮಲಗಿದಾನೆ! ಮೆಲ್ಲಗೆ ಅಂತಾನೆ, 'ಬರ್ಕೊಳಮ್ಮಾ, ಎಪ್ಪತ್ತೆರಡು.' ಕಿಟಾರನೆ ಕಿರುಚಿಬಿಟ್ಲು. ಫೇಲು. ಆರು ತಿಂಗಳಿಗೆ ಮತ್ತೆ ಕೂತ್ಲು, ಮತ್ತೆ ಅದೇ ತಾತ. ಮೂರು ಸಲ... ಯಾರ ಕೈ ಹಿಡಿದ್ರೂ ಹೆಣದ ಕೈ.

"ಮನೆಗೆ ಹೋಗಿ ಅಮ್ಮನ ಮುಂದೆ ಗೋಳೋ ಅಂತ ಅತ್ಲು. ಅಮ್ಮ ಹೊಲಿಗೆ ಮಿಷನ್ ನಿಲ್ಲಿಸಿ ಕೈ ಚಾಚಿದ್ಲು, 'ಮಂಕೇ, ನಂದು ನೋಡು. ಎರಡು ದಿನದಿಂದ ಎದೆ ಯಾಕೋ ಹಿಡ್ಕೊಂಡ ಹಾಗಿದೆ. ನಾಡಿ ಸರಿಯಾಗಿದೆಯೇನೇ?' ಹಿಡಿದ್ಲು... ತಣ್ಣಗೆ. ಏನೂ ಇಲ್ಲ. ಏನಂತ ಹೇಳ್ತಾಳೆ ಪಾಪ? 'ಸರಿಯಾಗಿದೆ ಅಮ್ಮ' ಅಂದ್ಲು. ಅಮ್ಮನ ಮುಖ ಅರಳ್ತು, 'ನೋಡು, ನಿಂಗೆ ಬರುತ್ತೆ!' ಅಂತ ಮತ್ತೆ ಹೊಲಿಯೋಕೆ ಕೂತ್ಲು. ಎರಡನೇ ದಿನ ಆ ಮಿಷನ್ ಮೇಲೇ ತಲೆಯಿಟ್ಟು ಹೋಗ್ಬಿಟ್ಲು. ಡಾಕ್ಟರಿಗೆ ತೋರಿಸಿದ್ರೆ ಉಳೀತಿದ್ಲೇನೋ... ಯಾರು ತೋರಿಸ್ಬೇಕಿತ್ತು, ಹೇಳಿ?"

ಹೊರಗೆ ಮಳೆ ಇನ್ನೂ ಜೋರಾಯಿತು. "ಆ ಹುಡುಗಿ ಏನಾದ್ಲು ಆಯಮ್ಮ?" ಒಬ್ಬಳು ಪಿಸುಗುಟ್ಟಿದಳು.

"ಡಿಗ್ರಿ ಇಲ್ಲದೋಳು ಇನ್ನೇನಾಗ್ತಾಳೆ? ಅದೇ ಆಸ್ಪತ್ರೇಲಿ ನೆಲ ಒರೆಸೋಕೆ ಸೇರ್ಕೊಂಡ್ಲು... ನಲವತ್ತೊಂದು ವರ್ಷ ಆಯ್ತು."

ಗಾಳಿ ನುಗ್ಗಿ ಬತ್ತಿ ಆರಿತು. ಹೆದರಿದ ಹುಡುಗಿಯೊಬ್ಬಳು ಕತ್ತಲಲ್ಲಿ ತಡಕಾಡಿ ಮುದುಕಿಯ ಕೈ ಹಿಡಿದುಕೊಂಡಳು. ಆಯಮ್ಮ ತಟ್ಟನೆ ಕೊಸರಿಕೊಂಡಳು.

"ಬಿಡು ಮಗಳೇ, ಬಿಡು... ನೀವೆಲ್ಲ ಓಡಾಡ್ತೀರ, ನಗ್ತೀರ, ಅದನ್ನ ನೋಡ್ಕೊಂಡೇ ಬದುಕಿದೀರ ಅಂತ ನಂಬಿದೀನಿ. ನಿನ್ನ ಕೈಯೂ ತಣ್ಣಗಿದೆ."