ತಲೆಕೆಳಗಾದ ನಲವತ್ತೊಂದು ದಿನ

ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿರುವ ಆಸ್ಪತ್ರೆಯ ಹಿರಿಯ ವೈದ್ಯರೇ, ಇಂದು ಸನ್ಮಾನಗೊಳ್ಳುತ್ತಿರುವ ನಮ್ಮ 'ಒಂದ್ನಿಮಿಷ ಮೇಡಂ' ಅವರೇ, ಹಾಗೂ ಊಟಕ್ಕೆ ಮುಂಚಿನ ಕೊನೆಯ ಭಾಷಣವೆಂದು ಸಹಿಸಿಕೊಂಡು ಕುಳಿತಿರುವ ಸಭಿಕರೇ,

ಮೇಡಂಗೆ ಆ ಹೆಸರಿಟ್ಟವನು ನಾನೇ. ನಮ್ಮ ವೆಬ್‌ಸೈಟು ನೋಡಿಕೊಳ್ಳುವ ಅವರು ದಿನಕ್ಕೆ ಹತ್ತು ಸಲ ನನ್ನ ಮೇಜಿನ ಮುಂದೆ ನಿಂತು "ಒಂದ್ನಿಮಿಷ ಸಾರ್" ಅನ್ನುತ್ತಿದ್ದರು. ಆ ಒಂದು ನಿಮಿಷವನ್ನು ನಾನು ಎಂದಾದರೂ ಕೊಟ್ಟೆನೇ? ಮೇಲ್ವಿಚಾರಕನೆಂದರೆ ಸುಮ್ಮನೆಯೇ!

ನಮ್ಮ ಕೇಂದ್ರದ ಕೆಲಸ ನಿಮಗೆ ಗೊತ್ತು. ತಮ್ಮ ಹೆಸರು ಹೇಳಲಾಗದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದವರ ಫೋಟೋಗಳು ನಮ್ಮಲ್ಲಿಗೆ ಬರುತ್ತವೆ. ಮನೆಯವರು ವೆಬ್‌ಸೈಟಿನಲ್ಲಿ ನೋಡಿ ಗುರುತು ಹಿಡಿಯಬೇಕು. ಪ್ರತಿ ಫೋಟೋ ನೋಡಿ ಒಪ್ಪಿಗೆ ಕೊಡುವವನು ನಾನು. ಆದರೆ ಕಾಲುಭಾಗ ಫೋಟೋಗಳು ಅಡ್ಡ, ಕೆಲವಂತೂ ತಲೆಕೆಳಗು. ಮೇಡಂ ಕಾರಣ ಬಿಡಿಸಿ ಹೇಳಿದ್ದರು: "ಫೋನನ್ನ ಹೇಗೆ ಹಿಡಿದಿದ್ರು ಅಂತ ಹೇಳೋ, ಕಣ್ಣಿಗೆ ಕಾಣದ ಒಂದು ಚೀಟಿ ಫೋಟೋ ಜೊತೆಗೇ ಬರುತ್ತೆ ಸಾರ್. ನಾವು ಫೋಟೋನ ಚಿಕ್ಕದು ಮಾಡುವಾಗ ಆ ಚೀಟೀನೇ ಕಿತ್ತೆಸೀತಿದ್ದೀವಿ. ಮೊದ್ಲು ಅದನ್ನ ಓದಿ, ಫೋಟೋ ತಿರುಗಿಸಿ, ಆಮೇಲೆ ಚಿಕ್ಕದು ಮಾಡ್ಬೇಕು. ಎರಡೇ ದಿನದ ಕೆಲಸ."

ನಾನೇನಂದೆ? "ಕತ್ತು ವಾಲಿಸಿ ನೋಡ್ಲಿ ಬಿಡಮ್ಮ, ಉಳುಕಿ ಹೋಗುತ್ತಾ? ಮೊದ್ಲು ವಾರ್ಷಿಕ ವರದಿ ಮುಗಿಸು." ಅವರು ಮೂರು ಸಲ ಕೇಳಿದರು. ಮೂರು ಸಲವೂ ನನ್ನದು ಇದೇ ಮಾತು. ಇಡೀ ಕಚೇರಿ ನಕ್ಕಿತು, ನಾನೂ ನಕ್ಕೆ.

ವರದಿ ಮುಗಿಯಿತು. ಒಂದು ಮಂಗಳವಾರ ಬೆಳಿಗ್ಗೆ ಮೇಡಂ ಹಳೆಯ ಮೂಲ ಫೋಟೋಗಳನ್ನೆಲ್ಲ ಸರಿಪಡಿಸಿ, "ಒಂದ್ನಿಮಿಷ ಸಾರ್, ನೋಡಿ" ಎಂದು ಕರೆದರು. ಹೋದೆ. ಮುಖಗಳೆಲ್ಲ ನೆಟ್ಟಗಾಗಿದ್ದವು. ಎರಡನೇ ಸಾಲಿನಲ್ಲಿ, ತಲೆಗೆ ಪಟ್ಟಿ, ಮುನಿಸಿಕೊಂಡಾಗ ಮುಂದೆ ಬರುವ ಅದೇ ಕೆಳತುಟಿ. ನನ್ನ ಸ್ವಂತ ಅಣ್ಣ!

ಸಭಿಕರೇ, ನಲವತ್ತೊಂದು ದಿನದಿಂದ ಅವನು ಅಲ್ಲೇ ಇದ್ದ, ತಲೆಕೆಳಗಾಗಿ. ಒಪ್ಪಿಗೆ ಕೊಟ್ಟವನು ನಾನು. ದಿನವೂ ನೋಡಿದವನು ನಾನು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನ ಮುಖ, ಮೇಲು ಕೆಳಗಾದ ಮಾತ್ರಕ್ಕೆ ಗುರುತು ಹತ್ತುವುದಿಲ್ಲವೇ? ಹತ್ತಲಿಲ್ಲ ಸ್ವಾಮಿ! ಇವತ್ತಿಗೂ ನನಗೆ ನಂಬಲಾಗುತ್ತಿಲ್ಲ.

ಇದನ್ನೆಲ್ಲ ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ತಂಗಿಯ ಮದುವೆಗೆ ಯಾರನ್ನೋ ಕರೆಯಲಿಲ್ಲವೆಂಬ ಸಣ್ಣ ಮಾತಿಗೆ ಅಣ್ಣನಿಗೂ ನನಗೂ ಆರು ವರ್ಷ ಮಾತಿರಲಿಲ್ಲ. ಬೇರೆ ಊರಿನಲ್ಲಿ ಒಬ್ಬನೇ ಇದ್ದ. ರಸ್ತೆಯಲ್ಲಿ ಬಿದ್ದು ಪೆಟ್ಟಾಗಿ ಮಾತು ನಿಂತಿತ್ತು, ಬರೆಯಲು ಕೈ ಏಳುತ್ತಿರಲಿಲ್ಲ. ನಾನು ಓಡಿಹೋದಾಗ ನರ್ಸಮ್ಮ ಹೇಳಿದರು: "ದಿನಾ ನಾಲ್ಕು ಗಂಟೆಗೆ, ನೋಡೋರು ಬರೋ ಹೊತ್ತಿಗೆ, ಬಾಗಿಲ ಕಡೆ ತಿರುಗ್ತಿದ್ರು. ಒಂದು ವಾರದಿಂದ ಗೋಡೆ ಕಡೆ ಮುಖ ಮಾಡಿ ಮಲಗ್ತಾರೆ."

ಮೂರು ತಿಂಗಳಿಗೆ ಮಾತು ಮರಳಿತು. ಮೊದಲ ಪ್ರಶ್ನೆಯೇ, "ಫೋಟೋ ತೆಗೀವಾಗ್ಲೇ ನರ್ಸ್ ಹೇಳಿದ್ರು ಕಣೋ, ಯಾವ ಕೇಂದ್ರಕ್ಕೆ ಹೋಗುತ್ತೆ ಅಂತ. ಅದು ನಿನ್ನ ಆಫೀಸೇ ಅಂತ ನಂಗೆ ಗೊತ್ತಿತ್ತು. ಯಾವತ್ತು ಬಂತು?"

"ನಾನು ಬಂದ ದಿನವೇ ಬಂತು ಅಣ್ಣ. ಆಸ್ಪತ್ರೆಯವರು ಕಳಿಸೋದು ತಡ ಮಾಡಿದ್ರು" ಎಂದುಬಿಟ್ಟೆ.

ಅವನು ಕಣ್ಣೊರೆಸಿಕೊಂಡ. "ಸದ್ಯ! ನೀನು ನೋಡಿಯೂ ಹಳೇ ಸಿಟ್ಟಲ್ಲಿ ಬರ್ಲಿಲ್ಲ ಅಂದ್ಕೊಂಡಿದ್ದೆ."

ಅಂದಿನಿಂದ ಅಣ್ಣ, ತನಗೆ ಚಿಕಿತ್ಸೆ ಕೊಟ್ಟ, ಇಂದು ವೇದಿಕೆಯಲ್ಲಿರುವ ಈ ವೈದ್ಯರನ್ನು ಕಂಡರೆ ಮುಖ ತಿರುಗಿಸುತ್ತಾನೆ. ಪಾಪ, ಅವರು ಫೋಟೋ ಕಳಿಸಿದ್ದು ಅವನನ್ನು ಸೇರಿಸಿಕೊಂಡ ಮರುದಿನವೇ. ಇಂದು ಅಣ್ಣ ಮೂರನೇ ಸಾಲಿನಲ್ಲಿ ಕುಳಿತಿದ್ದಾನೆ. ವೈದ್ಯರು ವೇದಿಕೆ ಹತ್ತಿದಾಗ ಅವನೊಬ್ಬನೇ ಚಪ್ಪಾಳೆ ತಟ್ಟಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಅಣ್ಣಾ, ಡಾಕ್ಟರ ತಪ್ಪಿಲ್ಲ ಕಣೋ. ಮೊದಲನೇ ವಾರದಿಂದಲೇ ನೀನು ನನ್ನ ಕಣ್ಣ ಮುಂದಿದ್ದೆ. ಫೋಟೋ ನೆಟ್ಟಗೆ ಮಾಡೋಣ ಅಂತ ಈ ಮೇಡಂ ಮೂರು ಸಲ ಕೇಳಿದ್ರು, ನಾನೇ ತಮಾಷೆ ಮಾಡಿ ಕಳಿಸ್ದೆ. ನನಗೆ ಸಿಟ್ಟಿರಲಿಲ್ಲ ಅಣ್ಣ, ಉಡಾಫೆ ಇತ್ತು.

ಎದ್ದೆಯಾ? ಹೋಗಬೇಡ, ನಿಲ್ಲು. ನಾನು ಕೆಳಗಿಳಿದು ಬರ್ತೀನಿ.

ಅಧ್ಯಕ್ಷರೇ, ಮೇಡಂಗೆ ಸನ್ಮಾನ ಪತ್ರವನ್ನು ದಯವಿಟ್ಟು ನೀವೇ ಕೊಟ್ಟುಬಿಡಿ. ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು, ನಮಸ್ಕಾರ. ಅಣ್ಣಾ, ನಿಲ್ಲೋ!