ರೆಕಾರ್ಡಿನಲ್ಲಿ ಇಲ್ಲದ ನುಡಿ

ನಲ್ಲಪ್ಪನವರ ಹೆಸರನ್ನು ಅವರ ಪದದಿಂದಲೇ ಕಿತ್ತುಹಾಕಿದ್ದಾರೆ. ಮದರಾಸಿನ ಗ್ರಾಮಫೋನ್ ಕಂಪನಿಯ ರೆಕಾರ್ಡಿನ ಮೇಲೆ ಹಾಡಿದವರು ನಲ್ಲಪ್ಪ ಎಂದಿದೆ, ಕಟ್ಟಿದವರು ಯಾರೋ ತಿಳಿಯದು ಎಂದಿದೆ. ಕಟ್ಟಿದವರೂ ಅವರೇ. ಇದು ಅನ್ಯಾಯ. ಇದನ್ನು ಹೇಳಿಯೇ ನಾನು ನಮಸ್ಕರಿಸುತ್ತೇನೆ — ಸಭೆಯ ಹಿರಿಯರಿಗೆ, ತಾಯಂದಿರಿಗೆ, ಅವರನ್ನು ಕಳೆದುಕೊಂಡ ಪತ್ನಿ ಲಕ್ಷ್ಮೀನರಸಮ್ಮನವರಿಗೆ.

ಅವರ ಮೇಳದಲ್ಲಿ ತಾಳ ಹಾಕುತ್ತಿದ್ದವನು ನಾನು. ಅವರು ಇದೇ ಮೇಲೂರಿನ ಬಾವಿಯಲ್ಲಿ ಕಪಿಲೆ ಹೊಡೆಯುತ್ತ ಹಾಡು ಕಲಿತವರು. ಎತ್ತು ಹಿಂದೆ ಸರಿದರೆ ಚರ್ಮದ ಬಾನಿ ಬಾವಿಗೆ ಇಳಿಯುತ್ತದೆ, ಮುಂದೆ ನಡೆದರೆ ತುಂಬಿಕೊಂಡು ಏರುತ್ತದೆ. ಅವರ ದನಿಯೂ ಹಾಗೇ — ಹೀಗೆ ಇಳಿದು — ಹೀಗೆ ಏರುತ್ತಿತ್ತು. ಕೈವಾರದ ಭಜನೆಯಲ್ಲಿ ಆ ದನಿ ಕೇಳಿದ ನಾಟಕದವರು ಕರೆದೊಯ್ದರು. ಅಲ್ಲಿಂದ ರೇಡಿಯೊ. ರೇಡಿಯೊದಿಂದ ಮದರಾಸು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತು. ಪದ ಕಟ್ಟಿದವನು ತನ್ನ ಹೆಸರನ್ನು ಕಟ್ಟಕಡೆಯ ನುಡಿಯಲ್ಲಿ ಇಡುತ್ತಾನೆ. ಮೊದಲೇ ಇಟ್ಟರೆ ಹಮ್ಮು. ಆದರೆ ರೆಕಾರ್ಡಿನ ಒಂದು ಮಗ್ಗುಲಿಗೆ ಹಿಡಿಯುವುದು ಮೂರೇ ನಿಮಿಷ. ಗಾಜಿನಾಚೆಯ ಮನುಷ್ಯ ಕೈ ತೋರಿಸಿದ — ಸಾಕು. ಹೆಸರಿದ್ದ ನುಡಿ ಹೊರಗೇ ಉಳಿಯಿತು.

ವಾಪಸು ಬರುವಾಗ ರೈಲಿನಲ್ಲಿ ನಾನು ಸಿಡಿಮಿಡಿಗೊಂಡೆ. ದುಡಿದವನಿಗೆ ಫಲವಿಲ್ಲ ಎಂದು ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಇನ್ನು ಮೇಲೆ ಹೆಸರನ್ನು ಮೊದಲ ನುಡಿಯಲ್ಲೇ ಇಡಿ ಎಂದೆ. ಅವರು ಕಡಲೆಕಾಯಿ ಬಿಡಿಸುತ್ತ ಅಂದರು: “ಊರು ಬರೋಕ್ ಮುಂಚೆನೇ ಹೆಸ್ರು ಕೂಗೋಕೆ ನಾನೇನ್ ಬಸ್ ಕಂಡಕ್ಟರೇನಪ್ಪ? ತಗೋ, ತಿನ್ನು.”

ರೆಕಾರ್ಡು ಶಿಡ್ಲಘಟ್ಟದ ಕೊಂಡಪ್ಪನವರ ಹೋಟೆಲಿಗೂ ಬಂತು. ಲಕ್ಷ್ಮೀನರಸಮ್ಮನವರು ರೇಷ್ಮೆಗೂಡು ಮಾರಲು ಹೋಗಿದ್ದ ದಿನ ಕೊಂಡಪ್ಪನವರು ಅದನ್ನು ಹಾಕಿದ್ದರು. ಮೂರು ನಿಮಿಷ ಮುಗಿದು ಮುಳ್ಳು ಎತ್ತಿದರು. ಈ ತಾಯಿ ಬುಟ್ಟಿ ಇಳಿಸಿ, ಬಾಗಿಲಲ್ಲೇ ನಿಂತು, ಮಿಕ್ಕ ನುಡಿ ಹಾಡಿಬಿಟ್ಟರು —

ಏರಿ ಬಂದ ನೀರಿಗೆ ಮೇಲೂರೇ ತವರು,
ಹಾಡಿ ಹೊಡೆದವನಿಗೆ ನಲ್ಲಪ್ಪನೆಂದು ಹೆಸರು.

ಗಲ್ಲಾದಲ್ಲಿದ್ದ ಕೊಂಡಪ್ಪನವರು ಕೇಳಿದರು: “ಏನಮ್ಮಾ, ರೆಕಾರ್ಡ್ ಮುಗೀತಲ್ಲ?”

“ರೆಕಾರ್ಡ್ ಮುಗೀತು ಕಣಣ್ಣ. ಪದ ಮುಗಿದಿಲ್ಲ.”

ಆಮೇಲೆ ಗೂಡಿನ ವ್ಯಾಪಾರಕ್ಕೆ ಬಂದವರೆಲ್ಲ ಅದನ್ನು ಕಲಿತರು. ಅವರೆಲ್ಲ ಆ ನುಡಿ ಹಾಡಿ ಮುಗಿಸದೆ ಕೊಂಡಪ್ಪನವರು ಮುಂದಿನ ರೆಕಾರ್ಡು ಹಾಕುವುದಿಲ್ಲ. ಒಮ್ಮೆ ನಾನೂ ನಲ್ಲಪ್ಪನವರೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಹೋಟೆಲೆಲ್ಲ ಒಟ್ಟಿಗೆ ಅವರ ಹೆಸರು ಹಾಡಿತು — ಅವರು ಅಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಅವರು ಲೋಟದ ಹಿಂದೆ ನಗುತ್ತಿದ್ದರು. “ಮೂರ್ ನಿಮಿಷ ಅವ್ರದು. ಮಿಕ್ಕಿದ್ದು ನಮ್ದು” ಅಂದರು.

ಅವರಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಲದು, ನಿಮಗೂ ಸಾಲಬಾರದು. ದೂರದಲ್ಲಿ ರೆಕಾರ್ಡು ಕೇಳುವವರಿಗೆ ಈ ಪದ ಕಟ್ಟಿದವರು ಇಂದಿಗೂ ಯಾರೋ. ಅವರ ಹೆಸರು ಅಚ್ಚಾಗಲೇಬೇಕೆಂದು ಕಂಪನಿಗೆ ಅರ್ಜಿ ಬರೆದಿದ್ದೇನೆ; ಅದಕ್ಕೆ ನಿಮ್ಮೆಲ್ಲರ ಸಹಿ ಬೇಕು. ಬೆಳಿಗ್ಗೆ ಲಕ್ಷ್ಮೀನರಸಮ್ಮನವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅಂದರು: “ಸಹಿ ಆಮೇಲ್ ಹಾಕ್ಸಪ್ಪ. ಮೊದ್ಲು ಹಾಡ್ಸು. ಪದ ಹಾಡೋಕ್ ಬರ್ದೇ ಇರೋರ ಸಹಿ ಯಾಕೆ?”

ಹಾಗೇ ಆಗಲಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಾತು ಬೇಡ — ಆ ನುಡಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ. ದನಿ ಎತ್ತುವುದು ಕೊಂಡಪ್ಪನವರ ಹೋಟೆಲಿನಲ್ಲಿ, ಮುಳ್ಳು ಎತ್ತಿದ ಮೇಲೆ. ಬರುವ ಭಾನುವಾರ, ಸಂಜೆ ಐದು ಗಂಟೆಗೆ.