ಅಮ್ಮಣ್ಣಿಯವರು ಹೋಟೆಲಿನಲ್ಲಿ ಕುಡಿದ ನೀರು

ಮಾನ್ಯ ಅಧ್ಯಕ್ಷರೇ, ಈ ವಾರ ನಿವೃತ್ತರಾಗುತ್ತಿರುವ ಹೆಲ್ತ್ ಇನ್‌ಸ್ಪೆಕ್ಟರ್ ಬದರಿನಾಥರಾಯರೇ, ಪಕ್ಕದಲ್ಲಿ ಕುಳಿತಿರುವ ಅವರ ಪತ್ನಿ ಶ್ರೀಮತಿ ಅಮ್ಮಣ್ಣಿಯವರೇ, ವೆಸ್ಟ್ ಮಾಂಬಲಂ ಕನ್ನಡ ಸಂಘದ ಸಭಿಕರೇ,

ನಾನು ಫಸ್ಟ್ ಇಯರ್ ವಿದ್ಯಾರ್ಥಿ. ಓದಿದ್ದೆಲ್ಲ ಹಾಸ್ಟೆಲಿನಲ್ಲಿ, ಇಂಗ್ಲಿಷಿನಲ್ಲಿ. ಮೈಕು ನಡುಗುತ್ತಿದ್ದರೆ ಅದು ಮೈಕಿನ ದೋಷವಲ್ಲ.

ಹೋದ ವರ್ಷ ಕಾಲರಾ ಬಂದಾಗ ಸರ್ಕಾರ ಸುಮ್ಮನಿತ್ತೇ? ಇಲ್ಲ. ರೇಡಿಯೋ ಹೇಳಿತು, ಭಯಪಡಬೇಡಿ. ಪತ್ರಿಕೆ ಹೇಳಿತು, ಭಯಪಡಬೇಡಿ. ಧ್ವನಿವರ್ಧಕದ ವ್ಯಾನು ಬೆಳಿಗ್ಗೆ ಬಂದು ಹೇಳಿತು, ಸಂಜೆಯೂ ಬಂದು ಹೇಳಿತು. ಇಷ್ಟು ಸಲ ಹೇಳಿದರೆ ಯಾರಿಗೆ ತಾನೇ ಭಯವಾಗುವುದಿಲ್ಲ?

ಆಮೇಲೆ ಬಂತು ಬೋರ್ಡು. ‘ಕಾಲರಾ ಎಚ್ಚರಿಕೆ: ಇಲ್ಲಿ ಕುದಿಸಿದ ನೀರು ಮಾತ್ರ.’ ಪ್ರತಿ ಹೋಟೆಲೂ ಅದನ್ನು ಬಾಗಿಲಲ್ಲೇ ತೂಗುಹಾಕಬೇಕು. ಸ್ಟೇಷನ್ ಬಳಿಯ ನಮ್ಮ ಹೋಟೆಲಿಗೆ ಅದನ್ನು ತಂದವರು ರಾಯರೇ.

“ಎಂತ ಸ್ವಾಮಿ ಇದು! ಬಾಗ್ಲಲ್ಲೇ ಕಾಲರಾ ಅಂತ ಬರ್ದ್ರೆ ಇಡ್ಲಿ ತಿನ್ಲಿಕ್ಕೆ ಯಾರು ಬರ್ತಾರೆ? ನಾನು ಬಾಗ್ಲು ಹಾಕಿ ಊರಿಗೆ ಹೋಗ್ಬೇಕಷ್ಟೆ,” ಎಂದರು ನಮ್ಮ ತಂದೆ.

“ಬೋರ್ಡ್ ಹಾಕದಿದ್ರೆ ನಾನೇ ಬಾಗಿಲು ಹಾಕಿಸಬೇಕಾಗತ್ತೆ, ಭಟ್ಟರೇ.”

ಬೋರ್ಡು ಏರಿತು. ಓದಿದವರು “ಅಯ್ಯೋ, ಇಂಗೆಯುಮಾ?” ಇಲ್ಲಿಗೂ ಬಂತೇ, ಎಂದು ಹಿಂದಿರುಗಿದರು. ರಜೆಗೆ ಬಂದಿದ್ದ ನನ್ನನ್ನು ತಂದೆ ಮುಂದಿನ ಮೇಜಿನಲ್ಲಿ ಕೂರಿಸಿ, “ತಿನ್ನು ಮಾರಾಯ, ನಾಲ್ಕು ಜನ ನೋಡ್ಲಿ,” ಎನ್ನುತ್ತಿದ್ದರು. ಅವರು ಪಕ್ಕದಲ್ಲೇ ನಿಂತು ನನಗೆ ಬಡಿಸಿದ್ದು ಅದೇ ಮೊದಲು. ಅದಿರಲಿ.

ರಾಯರಿಗೂ ಮರುಕವಾಯಿತು. ತಾವೇ ತಿಂದರೆ ಜನ ನಂಬುತ್ತಾರೆಂದು ಖಾಕಿ ಉಡುಪಿನಲ್ಲೇ ಬಂದು ಕುಳಿತರು. ಇದ್ದ ಇಬ್ಬರು ಗಿರಾಕಿಗಳೂ ಎದ್ದುಹೋದರು!

ಮರುದಿನ ಸಂಜೆ ರಾಯರ ಜೊತೆ ಅಮ್ಮಣ್ಣಿಯವರು ಬಂದರು. ಮಡಿಯವರು. ಪರರ ಮನೆಯಲ್ಲಿ ನೀರನ್ನೂ ಮುಟ್ಟದವರೆಂದು ಬೀದಿಗೆಲ್ಲ ಗೊತ್ತು. ಅವರು ಹೋಟೆಲಿನ ಮೆಟ್ಟಿಲು ಹತ್ತಿದ್ದು ಕಂಡು ತರಕಾರಿಯವಳು ತಕ್ಕಡಿ ಕೆಳಗಿಟ್ಟಳು.

“ಏನಪ್ಪಾ, ನೀರು ಚೆನ್ನಾಗಿ ಕುದ್ದಿದೆಯಾ?” ಎನ್ನುತ್ತ ಒಳಗೇ ಹೋಗಿ ಹಂಡೆ ನೋಡಿದರು. ಆರಿಸಿಟ್ಟ ನೀರು ತೆಗೆದುಕೊಂಡು ಬೋರ್ಡಿನ ಕೆಳಗೆ ನಿಂತರು. ಲೋಟವನ್ನು ತುಟಿಗೆ ತಾಗಿಸದೆ, ಎತ್ತಿ ಹಿಡಿದು ಪೂರ್ತಿ ಕುಡಿದರು.

“ನೋಡ್ತಾ ನಿಂತಿದೀರಲ್ಲ, ಇನ್ನೊಂದು ಲೋಟ ತರಿಸಿ,” ಎಂದರು ರಾಯರಿಗೆ. “ಆ ಕಡೆಯವರಿಗೆ ಕಾಣ್ಲಿಲ್ಲ.”

ಅಂದೇ ಮೇಜುಗಳು ತುಂಬಿದವು. ಮನೆಗೆ ಹೋಗಿ ಅವರು ತಲೆಗೆ ನೀರು ಹಾಕಿಕೊಂಡರಂತೆ. ಹಾಕಿಕೊಳ್ಳಲಿ, ಕುಡಿದ ಮೇಲಲ್ಲವೇ?

ನಮ್ಮ ಹೋಟೆಲು ಉಳಿಯಿತು. ಅಧ್ಯಕ್ಷರೇ, ಸಂಘ ಒಂದೇ ಶಾಲು ತಂದಿದೆ. ಆದರೆ ರಾಯರು ಅದನ್ನು ಆಗಲೇ ಪಕ್ಕದವರ ಹೆಗಲಿಗೆ ಹೊದಿಸುತ್ತಿರುವುದು ಇಲ್ಲಿಂದ ಕಾಣುತ್ತಿದೆ. ಅಂದು ನಮ್ಮ ತಂದೆ ಬರಿದೇ ಕೈಮುಗಿದು ನಿಂತರು. ಅವರ ಧನ್ಯವಾದವನ್ನು ನಾನು ಒಪ್ಪಿಸುತ್ತಿದ್ದೇನೆ. ಕೇಳಿದ ನಿಮಗೂ ವಂದನೆ, ನಮಸ್ಕಾರ.